ಮುರಿದ ಹವಳದ ಋಣ ಯಾರಿಗೆ?

ಕದ್ದದ್ದನ್ನು ಹಿಂದಿರುಗಿಸದೆ ಬರೀ ಕ್ಷಮೆ ಕೇಳಿದರೆ ಸಾಲದು. ಇದು ನಾವೆಲ್ಲ ಧರ್ಮೋಪದೇಶದ ತರಗತಿಯಲ್ಲೇ ಕಲಿತ ಪಾಠ. ಜಕ್ಕಾಯನು ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದ. ಆದರೆ ಹಿಂದಿರುಗಿಸಲಾಗದ್ದನ್ನೇ ನಾವು ಹಾಳುಮಾಡಿದ್ದರೆ?

ಫಿಲಿಪ್ಪೀನ್ಸ್ ದೇಶದ ಸುಲು ಸಮುದ್ರದ ನಡುವೆ ತುಬ್ಬತಾಹ ಎಂಬ ಹವಳದ ದಿಬ್ಬಗಳಿವೆ. ಕೆಲವು ಕಾವಲುಗಾರರ ಹೊರತು ಅಲ್ಲಿ ಜನವಸತಿಯಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಧುಮುಕಿದವರಿಗೆ ಮೊದಲು ಸಿಗುವುದು ಆಳವಿಲ್ಲದ ಹವಳದ ಅಂಗಳ. ಅದು ಥಟ್ಟನೆ ಮುಗಿದು, 100 ಮೀಟರ್ ಕಡಿದಾದ ಗೋಡೆಯಾಗಿ ಕೆಳಗಿಳಿಯುತ್ತದೆ. ಗೋಡೆಯ ತುಂಬ ಬೀಸಣಿಗೆಯಂಥ ಹವಳ, ಸ್ಪಂಜು. ಆಚೆ ನೀಲಿಯಲ್ಲಿ ಶಾರ್ಕ್, ಆಮೆ. ಆಳಕ್ಕೆ ಕೆಂಪು ಬೆಳಕು ತಲುಪದ ಕಾರಣ ಎಲ್ಲವೂ ಬೂದುಬಣ್ಣ. ಟಾರ್ಚ್ ಹಿಡಿದಾಗ ಮಾತ್ರ ಕಡುಗೆಂಪು ಹೊಳೆಯುತ್ತದೆ.

2013ರ ಜನವರಿಯಲ್ಲಿ ಅಮೆರಿಕ ನೌಕಾಪಡೆಯ 'ಗಾರ್ಡಿಯನ್' ಹಡಗು ಈ ದಿಬ್ಬವನ್ನೇರಿ ಸಿಕ್ಕಿಕೊಂಡಿತು. ಸುಮಾರು 2,345 ಚದರ ಮೀಟರ್ ಹವಳ ಹಾಳಾಯಿತು. 2015ರಲ್ಲಿ 8.7 ಕೋಟಿ ಪೆಸೊ ಪರಿಹಾರ ಸಂದಾಯವಾಯಿತು. ಹವಳವೆಂದರೆ ಕಲ್ಲಲ್ಲ, ಪುಟ್ಟ ಜೀವಿಗಳ ದೊಡ್ಡ ಕುಟುಂಬ. ಅದರ ಕೆಲವು ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರೂ ಬೆಳೆಯುವುದಿಲ್ಲ. ಹಣದಿಂದ ಆ ವರ್ಷಗಳನ್ನು ಕೊಳ್ಳಲಾಗದು.

'ಹವಳಕ್ಕೆ ಬುದ್ಧಿಯಿಲ್ಲ, ಅದಕ್ಕೆಂಥ ಅನ್ಯಾಯ?' ಎಂದು ಕೆಲವರು ಕೇಳಬಹುದು. ಮಗು ಬಿಡಿಸಿದ ಚಿತ್ರವನ್ನು ಹರಿದರೆ ಕಾಗದಕ್ಕೆ ನೋವಿಲ್ಲ, ಮಗುವಿಗಿದೆ. ದೇವರ ಒಳ್ಳೆಯತನವನ್ನು ತೋರಲು ಒಂದು ಬಗೆಯ ಸೃಷ್ಟಿ ಸಾಲದು, ಅದಕ್ಕೇ ಇಷ್ಟು ವೈವಿಧ್ಯ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಹಾಗಿದ್ದರೆ, ಯಾರ ಕಣ್ಣಿಗೂ ಬೀಳದ ಆ ಕೆಂಪಿಗೂ ಬೆಲೆಯುಂಟು. ಅದನ್ನು ಕೆಡಿಸಿದವರ ಋಣ ಸರಕಾರದೊಂದಿಗೆ ಮುಗಿಯುವುದಿಲ್ಲ. ಸೃಷ್ಟಿಕರ್ತನಿಗೂ, ಮುಂದೆ ಹುಟ್ಟುವ ಮಕ್ಕಳಿಗೂ ಸಲ್ಲಬೇಕಾದುದು ಉಳಿಯುತ್ತದೆ.

ಆ ಕಥೆಯಲ್ಲಿ ಮತ್ತೊಂದು ಪಾಠವಿದೆ. ಹಡಗನ್ನು ಎಳೆದು ತೆಗೆದಿದ್ದರೆ ಇನ್ನಷ್ಟು ಹವಳ ಮುರಿಯುತ್ತಿತ್ತು. ಆದ್ದರಿಂದ ಅದನ್ನು ನಿಂತಲ್ಲೇ ತುಂಡು ತುಂಡಾಗಿ ಕತ್ತರಿಸಿ, ಕ್ರೇನಿನಿಂದ ಎತ್ತಿ ಸಾಗಿಸಿದರು. ಮಾರ್ಚ್ ಕೊನೆಯವರೆಗೂ ಕೆಲಸ ಹಿಡಿಯಿತು.

ನಮ್ಮ ಮನೆಗಳಲ್ಲೂ ಒಂದು ಬಿರುನುಡಿ ವರ್ಷಗಳ ನಂಬಿಕೆಯ ಮೇಲೆ ಹಡಗಿನಂತೆ ಏರಿ ಕೂರುತ್ತದೆ. ಕೂಡಲೇ ನಾವು, 'ಕ್ಷಮಿಸು ಎಂದೆನಲ್ಲ, ಇನ್ನೇನು ಬೇಕು?' ಎಂದು ರೇಗುತ್ತೇವೆ. ಅದು ಹಡಗನ್ನು ಎಳೆದಾಡಿದಂತೆ. ಪಶ್ಚಾತ್ತಾಪಕ್ಕೂ ತಾಳ್ಮೆ ಬೇಕು. ತಪ್ಪನ್ನು ನಾವೇ ಬಿಡಿಸಿ ಹೊತ್ತೊಯ್ಯಬೇಕು. ಆಮೇಲೆ ಮುರಿದದ್ದು ತನ್ನ ವೇಗದಲ್ಲಿ ಬೆಳೆಯುವಂತೆ, ಮತ್ತೆ ಮುಟ್ಟದೆ ಕಾಯಬೇಕು.