ಮುಗ್ಧತೆಯ ಖರ್ಚು ಯಾರ ಲೆಕ್ಕಕ್ಕೆ?

ಜಪಾನಿನ ಅನಿಮೆ ನೋಡುವವರಿಗೆ ಈ ನಾಯಕನನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಅವನ ಒಂದು ಗುದ್ದಿಗೆ ಬೆಟ್ಟ ಪುಡಿಯಾಗುತ್ತದೆ. ಎದುರಿಗೆ ಊಟದ ತಟ್ಟೆ ಬಂದರೆ ಅವನೇ ಐದು ವರ್ಷದ ಹುಡುಗನಾಗುತ್ತಾನೆ. 'ಡ್ರ್ಯಾಗನ್ ಬಾಲ್'ನ ಗೊಕು, 'ಒನ್ ಪೀಸ್'ನ ಲೂಫಿ, 'ಹಂಟರ್ ಹಂಟರ್'ನ ಗೊನ್, 'ರುರೌನಿ ಕೆನ್ಶಿನ್'ನ ಕೆನ್ಶಿನ್ ಎಲ್ಲರೂ ಈ ಬಳಗದವರು. ನಾಲ್ವರ ಕಥೆಗಳೂ ಧಾರಾವಾಹಿಯಾಗಿ ಬಂದದ್ದು 'ಶೋನೆನ್ ಜಂಪ್' ಎಂಬ ಒಂದೇ ವಾರಪತ್ರಿಕೆಯ ಪುಟಗಳಲ್ಲಿ. ಶೋನೆನ್ ಎಂದರೆ ಹುಡುಗ.

ಈ ಜೋಡಣೆ ನಮಗೆ ಯಾಕೆ ಇಷ್ಟವಾಗುತ್ತದೆ ಎಂಬುದಕ್ಕೆ ಸುಲಭದ ಉತ್ತರವಿದೆ. ಬಲ ಭಯ ಹುಟ್ಟಿಸುತ್ತದೆ, ಮಗುತನ ಆ ಭಯವನ್ನು ಕಳೆಯುತ್ತದೆ. ನನ್ನನ್ನು ಕಾಡುವ ಪ್ರಶ್ನೆ ಇದರ ಮುಂದಿನದು. ಬಲಶಾಲಿಯ ಮಗುತನ ನಿಜಕ್ಕೂ ಒಂದು ಒಳ್ಳೆಯ ಗುಣವೇ? ಅಥವಾ ಬಲಕ್ಕೆ ತೊಡಿಸಿದ ಚಂದದ ಅಂಗಿ ಮಾತ್ರವೇ?

ಭಾಷೆಯಿಂದಲೇ ಹೊರಡಬಹುದು. ಇಂಥವರಿಗೆ ನಾವು 'ಮುಗ್ಧ' ಎನ್ನುತ್ತೇವೆ. ಸಂಸ್ಕೃತದ 'ಮುಹ್' ಧಾತುವಿನಿಂದ ಬಂದ ಪದ ಅದು. 'ಮೋಹ', 'ಮೂಢ' ಕೂಡ ಅಲ್ಲಿಂದಲೇ ಬಂದವು. ಅಂದರೆ ಮುಗ್ಧತೆಯ ಬೇರಿನಲ್ಲಿ ಇರುವುದು ತಿಳಿಯದಿರುವಿಕೆ. ಜಪಾನಿ ಭಾಷೆಯಲ್ಲಿ ಇದಕ್ಕೆ 'ಮುಜಕಿ' ಎಂಬ ಪದವಿದೆ. ಅದನ್ನು ಬಿಡಿಸಿದರೆ 'ಕೆಟ್ಟ ಭಾವ ಇಲ್ಲದ್ದು' ಎಂದಾಗುತ್ತದೆ. ಒಂದು ಪದ ಅರಿವಿನ ಕೊರತೆಯನ್ನು ಹೇಳುತ್ತದೆ, ಇನ್ನೊಂದು ದುರುದ್ದೇಶದ ಕೊರತೆಯನ್ನು. ಇವೆರಡೂ ಒಂದೇ ಎಂದುಕೊಂಡಲ್ಲಿಯೇ ತೊಡಕು ಶುರುವಾಗುತ್ತದೆ.

ಗೊಕುವನ್ನೇ ನೋಡಿ. ಅಕಿರಾ ತೊರಿಯಾಮ 1984ರಲ್ಲಿ ಬರೆಯತೊಡಗಿದ ಈ ಪಾತ್ರ ಕಾಡಿನಲ್ಲಿ ಬೆಳೆದ ಹುಡುಗ. ಅವನಲ್ಲಿ ದುರುದ್ದೇಶ ಹುಡುಕಿದರೂ ಸಿಗದು. ಆದರೆ ಸೆಲ್ ಎಂಬ ಎದುರಾಳಿಯೊಡನೆ ಲೋಕದ ಉಳಿವಿನ ಕಾಳಗ ನಡೆಯುವಾಗ ಅವನು ಮಾಡುವುದೇನು? ತಾನು ಹಿಂದೆ ಸರಿದು, ಇನ್ನೂ ಹುಡುಗನಾದ ಮಗ ಗೊಹಾನ್‌ನನ್ನು ಮುಂದೆ ಕಳಿಸುತ್ತಾನೆ. ಪಂದ್ಯ ಸಮಬಲದ್ದಾಗಿರಲಿ ಎಂದು, ದಣಿದ ಶತ್ರುವಿಗೆ ಶಕ್ತಿ ತುಂಬುವ ಕಾಳನ್ನೂ ಎಸೆಯುತ್ತಾನೆ. ಆಗ ಗದರುವವನು ಪಿಕೊಲೊ, ಒಂದು ಕಾಲದ ಖಳ. ಗೊಹಾನ್ ನಿನ್ನಂತಲ್ಲ, ಅವನಿಗೆ ಕಾದಾಟದಲ್ಲಿ ಖುಷಿಯಿಲ್ಲ, ಅಪ್ಪ ಯಾಕೆ ಸುಮ್ಮನೆ ನಿಂತಿದ್ದಾನೆ ಎಂದು ಅವನು ಯೋಚಿಸುತ್ತಿದ್ದಾನೆ ಎಂದು ಎಚ್ಚರಿಸುತ್ತಾನೆ. ಗೊಕುವಿಗೆ ಇದು ಹೊಳೆದೇ ಇರಲಿಲ್ಲ. ಜಗತ್ತನ್ನೆಲ್ಲ ಆಟದ ಬಯಲು ಎಂದುಕೊಂಡವನಿಗೆ ಮಗನೂ ಆಟಗಾರನಾಗಿಯೇ ಕಂಡ. ಅಪ್ಪ ಮಗುವಾಗಿ ಉಳಿದ ಮನೆಯಲ್ಲಿ ಮಗು ದೊಡ್ಡವನಾಗಬೇಕಾಯಿತು.

ಯೊಶಿಹಿರೊ ತೊಗಾಶಿಯ ಗೊನ್ ಇದನ್ನು ಇನ್ನೂ ಕಠೋರವಾಗಿ ತೋರಿಸುತ್ತಾನೆ. ಕಥೆ ಶುರುವಾದಾಗ ಅವನು ನಿಜವಾಗಿಯೇ ಬಾಲಕ. ಗೆಳೆಯನ ಮೇಲೆ ಪ್ರಾಣ, ಕೊಟ್ಟ ಮಾತಿಗೆ ತಪ್ಪದವನು. ತನಗೆ ಗುರುವಿನಂತಿದ್ದ ಕೈಟ್‌ಗೆ ಆದ ಗತಿಗೆ ಲೆಕ್ಕ ತೀರಿಸಲು ಹೊರಟಾಗ ಅದೇ ನಿಷ್ಠೆ ಎಲ್ಲೆಯಿಲ್ಲದ ಸಿಟ್ಟಾಗುತ್ತದೆ. ಗಾಯಗೊಂಡು ಮಲಗಿದ ಕಣ್ಣಿಲ್ಲದ ಹುಡುಗಿ ಕೊಮುಗಿಯನ್ನು ಕೊಲ್ಲುತ್ತೇನೆಂದು ಬೆದರಿಸಲೂ ಅವನು ಹಿಂಜರಿಯುವುದಿಲ್ಲ. ತಡೆಯಲು ಬಂದ ಕಿಲ್ಲುವಾಗೆ, ಇದಕ್ಕೂ ನಿನಗೂ ಏನು ಸಂಬಂಧ, ನೀನು ತಣ್ಣಗಿರಬಹುದು ಎಂಬರ್ಥದ ಮಾತು ಎಸೆಯುತ್ತಾನೆ. ಕೊಲೆಗಾರರ ಮನೆತನದಲ್ಲಿ ಹುಟ್ಟಿ, ಗೊನ್‌ನಿಂದಾಗಿಯೇ ಗೆಳೆತನ ಅಂದರೇನೆಂದು ಕಲಿತವನು ಕಿಲ್ಲುವಾ. ಗೊನ್ ಇಲ್ಲಿ ಬದಲಾಗಿಲ್ಲ ಎಂಬುದೇ ಈ ಭಾಗದ ಭೀಕರತೆ. ಮೊದಲ ಕಂತಿನಲ್ಲಿ ನಮ್ಮನ್ನು ಸೆಳೆದ ಆ ಏಕಾಗ್ರತೆಯೇ ಇಲ್ಲಿಯೂ ಕೆಲಸ ಮಾಡುತ್ತಿದೆ. ಮಗುವಿನ ಕೈಯಲ್ಲಿ ತಕ್ಕಡಿ ಇರುವುದಿಲ್ಲ. ತನ್ನ ನೋವಿನ ಪಕ್ಕದಲ್ಲಿ ಬೇರೆಯವರ ನೋವನ್ನಿಟ್ಟು ತೂಗಲು ಅದಕ್ಕೆ ಬಾರದು.

ಹಾಗಾದರೆ ಮಗುತನವನ್ನು ಬಿಟ್ಟೇ ಬಿಡಬೇಕೇ? ಲೂಫಿ ಬೇರೆಯದೇ ದಾರಿ ತೋರಿಸುತ್ತಾನೆ. ಕತ್ತಿವರಸೆ ಬರದು, ಹಡಗಿನ ದಾರಿ ಗೊತ್ತಿಲ್ಲ, ಅಡುಗೆ ಬರದು, ಸುಳ್ಳು ಹೇಳಲೂ ಬರದು ಎಂದು ಶತ್ರುವಿನ ಎದುರಿಗೇ ಒಪ್ಪಿಕೊಳ್ಳುತ್ತಾನೆ. ಜೊತೆಗಾರರಿಲ್ಲದೆ ತಾನು ಬದುಕಲಾರೆ ಎನ್ನುವುದು ಅವನಿಗೆ ಗೊತ್ತು. ಉಳಿದವರ ಹೆಗಲ ಮೇಲೆ ಕೂತಿದ್ದೇನೆ ಎಂದು ತಿಳಿದ ಮಗುತನ ಅದು.

ಕೆನ್ಶಿನ್ ಇನ್ನೂ ಒಂದು ಹೆಜ್ಜೆ ಮುಂದಿದ್ದಾನೆ. ನೊಬುಹಿರೊ ವಾತ್ಸುಕಿಯ ಈ ಕಥೆ ನಡೆಯುವುದು 1878ರ ಜಪಾನಿನಲ್ಲಿ. ತೊಕುಗಾವಾ ಆಳ್ವಿಕೆಯ ಕೊನೆಯ ದಿನಗಳಲ್ಲಿ ಲೆಕ್ಕವಿಲ್ಲದಷ್ಟು ಜನರನ್ನು ಕೊಂದವನು ಈಗ ಬಟ್ಟೆ ಒಗೆಯುತ್ತಾನೆ, ಬೈಸಿಕೊಳ್ಳುತ್ತಾನೆ, ಕಣ್ಣರಳಿಸಿ 'ಒರೊ?' ಎನ್ನುತ್ತಾನೆ. ಅವನ ಕತ್ತಿಯ ಅಲಗು ತಿರುಗುಮುರುಗಾಗಿದೆ. ಬೀಸಿದರೆ ಎದುರಾಳಿಗೆ ತಾಗುವುದು ಮೊಂಡು ಬದಿ. ತನ್ನನ್ನು ವಿನಯದ 'ಸೆಶ್ಶಾ' ಎಂಬ ಮಾತಿನಿಂದ ಹೇಳಿಕೊಳ್ಳುವವನು, ಹಳೆಯ ಕೊಲೆಗಾರ ಒಳಗೆ ಎದ್ದಾಗ ಒರಟಾದ 'ಒರೆ'ಗೆ ಜಾರುತ್ತಾನೆ. ಹಾಗಾದರೆ ಆ ನಗು ನಾಟಕವೇ ಎಂದು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ನಾಟಕ ನೋಡುವವರಿಗಾಗಿ ಇರುವಂಥದು. ಕೆನ್ಶಿನ್ ತನ್ನ ಕೈಗೆ ದಿನವೂ ಬೇರೆ ಕೆಲಸ ಕಲಿಸುತ್ತಿದ್ದಾನೆ. ದೊಡ್ಡ ಮನುಷ್ಯ ಎಂದರೆ ಮಗುವಿನ ಹೃದಯವನ್ನು ಕಳೆದುಕೊಳ್ಳದವನು ಎಂಬ ಭಾವದ ಮಾತನ್ನು ಚೀನಾದ ಮೆನ್ಸಿಯಸ್ ಹೇಳಿದ್ದಾನೆ. ಕಳೆದುಕೊಳ್ಳುವ ಅಪಾಯವನ್ನು ಕಂಡವನಿಗೆ ಮಾತ್ರ ಉಳಿಸಿಕೊಳ್ಳುವ ಮಾತು ಅನ್ವಯಿಸುತ್ತದೆ. ಮಗುವಿಗೆ ಆ ಹೃದಯ ಸಿಕ್ಕಿದ್ದು, ಕೆನ್ಶಿನ್‌ಗೆ ಅದು ದುಡಿದದ್ದು.

ಇದು ಪರದೆಗೆ ಮುಗಿಯುವ ಮಾತಲ್ಲ. 'ಕೋಪ ಸ್ವಲ್ಪ ಜಾಸ್ತಿ, ಆದರೆ ಮನಸ್ಸು ಮಗುವಿನಂಥದು' ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಹೆಚ್ಚಾಗಿ ಇದು ಮನೆಯ ಯಜಮಾನನ ಬಗ್ಗೆ, ಹಿರಿಯ ಮೇಷ್ಟರ ಬಗ್ಗೆ, ಊರಿನ ದೊಡ್ಡವರ ಬಗ್ಗೆ, ಅಂದರೆ ಕೈಯಲ್ಲಿ ಬಲ ಇರುವವರ ಬಗ್ಗೆ ಹೇಳುವ ಮಾತು. ಹೇಳುವವರು ಆ ಕೋಪವನ್ನು ಸಹಿಸಿಕೊಂಡವರು. ತಟ್ಟೆ ಎಸೆದವರಿಗೆ ಮಗುವಿನ ಮನಸ್ಸು, ನೆಲ ಒರೆಸಿದವರಿಗೆ ದೊಡ್ಡವರ ತಾಳ್ಮೆ. ಕೆಟ್ಟ ಭಾವ ಇರಲಿಲ್ಲ ಎಂಬುದು ಸತ್ಯವೇ ಇರಬಹುದು. ಆದರೆ ಪೆಟ್ಟು ತಿಂದವರಿಗೆ ಅದರಿಂದ ನೋವು ಕಡಿಮೆಯಾಗುವುದಿಲ್ಲ.

ಹಾಗಾಗಿ ಬಲಶಾಲಿಯ ಮಗುತನ ಎಷ್ಟು ಮುದ್ದಾಗಿದೆ ಎಂದು ಕೇಳುವುದಕ್ಕಿಂತ, ಅದರ ಖರ್ಚು ಯಾರ ಲೆಕ್ಕಕ್ಕೆ ಹೋಗುತ್ತಿದೆ ಎಂದು ಕೇಳುವುದು ಮೇಲು. ಗೊಕುವಿನ ಲೆಕ್ಕ ಗೊಹಾನ್‌ನ ಹೆಸರಿನಲ್ಲಿದೆ, ಗೊನ್‌ನದು ಕಿಲ್ಲುವಾನ ಹೆಸರಿನಲ್ಲಿ. ಕೆನ್ಶಿನ್ ಮಾತ್ರ ತನ್ನದನ್ನು ತಾನೇ ಕಟ್ಟುತ್ತಿದ್ದಾನೆ. ಗೊಕು ನಕ್ಕಾಗ ನನಗೆ ಈಗಲೂ ನಗು ಬರುತ್ತದೆ. ಆದರೆ ನಗುವಾಗ, ಚೌಕಟ್ಟಿನ ಅಂಚಿನಲ್ಲಿ ನಿಂತ ಆ ಹುಡುಗನ ಮುಖವನ್ನೂ ಒಮ್ಮೆ ನೋಡುತ್ತೇನೆ.