ಎರಡನೇ ಗೇರಿನ ಸಂಶಯ

ಆ ಕಾರು ನನ್ನ ಶೆಡ್ಡಿಗೆ ಬರುವ ಹೊತ್ತಿಗೆ ಅದರ ಮೇಲೆ ತೀರ್ಪು ಆಗಿಹೋಗಿತ್ತು. 'ಗೇರ್‌ಬಾಕ್ಸ್ ಹೋಗಿದೆ, ಇಳಿಸಿ ಕಟ್ಟಬೇಕು, ಮೂರೂವರೆ ಲಕ್ಷ' ಎಂದು ಬೇರೊಂದು ಕಡೆ ಬರೆದುಕೊಟ್ಟ ಚೀಟಿಯನ್ನು ಡಾಕ್ಟರಮ್ಮ ಕೈಯಲ್ಲೇ ಹಿಡಿದಿದ್ದರು. 2001ರ ಜರ್ಮನ್ ಗಾಡಿ, ಐದು ಗೇರಿನ ಆಟೋಮ್ಯಾಟಿಕ್, ಓಡಿದ್ದು 1,40,000 ಕಿಲೋಮೀಟರು. ಈಗ ಮಾರಿದರೆ ಆ ಚೀಟಿಯ ಮೊತ್ತವೂ ಹುಟ್ಟುವುದಿಲ್ಲ. ಸರಸ್ವತಿಪುರಂನಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದವರೆಗೆ ಎರಡನೇ ಗೇರಿನಲ್ಲೇ, ಎಂಜಿನ್ ಗೋಳಾಡುವುದನ್ನು ಕೇಳಿಕೊಂಡು ಬಂದಿದ್ದರು. "ಇದು ನಮ್ಮೋರು ಆಸೆಪಟ್ಟು ತಗೊಂಡಿದ್ದ ಗಾಡಿ. ಏನು ಬೇಕಾದ್ರೂ ಹೇಳಿ, ಮಾರಿಬಿಡಿ ಅಂತ ಮಾತ್ರ ಹೇಳಬೇಡಿ" ಎಂದರು. ಅವರ ಯಜಮಾನರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ನನಗೀಗ ಐವತ್ತೆಂಟು. ಮೂವತ್ತನಾಲ್ಕು ವರ್ಷದಿಂದ ಗಾಡಿ ಬಿಚ್ಚಿ ಕಟ್ಟುತ್ತಿದ್ದೇನೆ. ಅಪ್ಪ ಮನೆಯ ಜಗುಲಿಯ ಮೇಲೆ ಹುಡುಗರಿಗೆ ತರ್ಕದ ಪಾಠ ಹೇಳುತ್ತಿದ್ದವರು. ಅನ್ನಂಭಟ್ಟರ 'ತರ್ಕಸಂಗ್ರಹ'ದಿಂದ ಹಿಡಿದು, ಹುಡುಗ ಚುರುಕಾಗಿದ್ದರೆ ಗಂಗೇಶರ 'ತತ್ತ್ವಚಿಂತಾಮಣಿ'ಯ ಒಂದೆರಡು ವಾದಗಳವರೆಗೆ. ನಾನು ಪಾಲಿಟೆಕ್ನಿಕ್ ಸೇರುತ್ತೇನೆ ಎಂದಾಗ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, "ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ಹುಡುಕೋದೂ ಅನುಮಾನವೇ ಕಣೋ. ಹೇತು ಸರಿಯಾಗಿ ಹಿಡಿ, ಸಾಕು" ಎಂದರು. ತರ್ಕದಲ್ಲಿ ಅನುಮಾನವೆಂದರೆ ಕಂಡ ಗುರುತಿನಿಂದ ಕಾಣದ್ದನ್ನು ತಿಳಿಯುವುದು, ಆ ಗುರುತೇ ಹೇತು. ಅಪ್ಪನ ಆ ಮಾತಿನ ಭಾರ ಪೂರ್ತಿಯಾಗಿ ತಿಳಿದದ್ದು ಈ ಗಾಡಿಯಿಂದ.

ಎರಡನೇ ಗೇರಿನಲ್ಲಿ ಸಿಕ್ಕಿಕೊಂಡ ಗಾಡಿಯನ್ನು ನೋಡಿ 'ಗೇರ್‌ಬಾಕ್ಸ್ ಹೋಗಿದೆ' ಎನ್ನುವುದು ಒಂದು ಅನುಮಾನ. ಅಪ್ಪನ ಪಾಠದಲ್ಲಿ ಇಂಥದ್ದಕ್ಕೊಂದು ಪ್ರಸಿದ್ಧ ಉದಾಹರಣೆಯಿತ್ತು. ಬೆಂಕಿ ಇದೆ, ಆದ್ದರಿಂದ ಬೆಟ್ಟದಲ್ಲಿ ಹೊಗೆ ಇದೆ ಎಂದು ಯಾರಾದರೂ ಹೇಳಿದರೆ ಒಪ್ಪಬಾರದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇರುತ್ತದೆ, ಹೊಗೆ ಇರುವುದಿಲ್ಲ. ಹೊಗೆ ಏಳಬೇಕಾದರೆ ಬೆಂಕಿಯ ಜೊತೆಗೆ ಹಸಿ ಸೌದೆ ಸೇರಬೇಕು. ಹೇಳದೆ ಒಳಗೆ ಅಡಗಿರುವ ಆ ಹಸಿ ಸೌದೆಗೆ 'ಉಪಾಧಿ' ಎಂದು ಹೆಸರು. ಗಾಡಿ ಎರಡನೇ ಗೇರಿಗೆ ಬೀಳುವುದಕ್ಕೂ ಗೇರ್‌ಬಾಕ್ಸ್ ಒಳಗೆ ಮುರಿದಿರುವುದಕ್ಕೂ ನಡುವೆ ಇಂಥದೇ ಸಂಬಂಧ. ಮುರಿದಿದ್ದರೆ ಬೇರೆ ಗುರುತೂ ಇರಬೇಕು: ಆಯಿಲ್ ಕರಟಿದ ವಾಸನೆ ಬರಬೇಕು, ಆಯಿಲ್ ಪ್ಯಾನಿನೊಳಗಿನ ಅಯಸ್ಕಾಂತದ ಮೇಲೆ ಲೋಹದ ಚಕ್ಕೆ ಕೂತಿರಬೇಕು. ಅದು ಈ ಗಾಡಿಯ ಹಸಿ ಸೌದೆ. ಪ್ಯಾನ್ ಇಳಿಸಿದೆ. ಆಯಿಲ್ ಹಳತಾಗಿ ಮಂಕಾಗಿತ್ತು, ಆದರೆ ಕೆಂಪು ಉಳಿದಿತ್ತು, ಸುಟ್ಟ ವಾಸನೆ ಇರಲಿಲ್ಲ. ಅಯಸ್ಕಾಂತದ ಮೇಲೆ ಬೆರಳಿಗೆ ವಿಭೂತಿಯಂತೆ ಅಂಟುವ ಬೂದು ಬಣ್ಣದ ಮೆತ್ತನೆಯ ಪುಡಿ. ಇಷ್ಟು ಓಡಿದ ಎಲ್ಲ ಗೇರ್‌ಬಾಕ್ಸಿನಲ್ಲೂ ಅದು ಇರುತ್ತದೆ. ಮೂರೂವರೆ ಲಕ್ಷದ ಚೀಟಿಯನ್ನು ಅಲ್ಲಿಗೆ ಪಕ್ಕಕ್ಕಿಟ್ಟೆ.

ಹಾಗಾದರೆ ಎರಡನೇ ಗೇರಿಗೆ ಬಿದ್ದದ್ದೇಕೆ? ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಎಣ್ಣೆ. ಹರ್ಮನ್ ಫ್ಯೊಟ್ಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಹಡಗುಗಳಿಗೆಂದು ಪೇಟೆಂಟ್ ಪಡೆದ ಉಪಾಯ ಅದು: ಒಂದು ಚಕ್ರ ದ್ರವವನ್ನು ತಿರುಗಿಸುತ್ತದೆ, ಆ ದ್ರವ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಎಣ್ಣೆ ಒಳಗಿನ ಕ್ಲಚ್ಚುಗಳನ್ನು ಒತ್ತುತ್ತದೆ, ತಂಪು ಮಾಡುತ್ತದೆ, ಸವೆಯದಂತೆ ಕಾಯುತ್ತದೆ. ಯಾವ ಕ್ಲಚ್ಚನ್ನು ಯಾವಾಗ ಒತ್ತಬೇಕೆಂದು ನಿರ್ಧರಿಸುವುದು ಬಾನೆಟ್ಟಿನ ಕೆಳಗೆ ಮೂಲೆಯ ಪೆಟ್ಟಿಗೆಯಲ್ಲಿರುವ ಕಂಪ್ಯೂಟರು. ಅದು ಗೇರನ್ನು ಕಣ್ಣಾರೆ ಕಂಡಿಲ್ಲ. ಗೇರ್‌ಬಾಕ್ಸಿನೊಳಗೆ ಎಣ್ಣೆಯಲ್ಲಿ ಮುಳುಗಿರುವ ಒಂದು ಎಲೆಕ್ಟ್ರಿಕ್ ಪ್ಲೇಟಿನ ಮೇಲೆ ಎರಡು ಸ್ಪೀಡ್ ಸೆನ್ಸರುಗಳಿವೆ; ಚಕ್ರಗಳ ವೇಗ ಬ್ರೇಕಿನ ಸೆನ್ಸರುಗಳಿಂದ ಬರುತ್ತದೆ. ಈ ಮಾತುಗಳನ್ನೆಲ್ಲ ಕಂಪ್ಯೂಟರು ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಯಾರು ಸುಳ್ಳು ಹೇಳುತ್ತಿದ್ದಾರೆಂದು ಅದಕ್ಕೆ ತಿಳಿಯದು. ಆಗ ಗೇರ್ ಬದಲಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಗಾಡಿ ನಿಲ್ಲಿಸಿ, ಆಫ್ ಮಾಡಿ ಮತ್ತೆ ಹಚ್ಚಿದರೆ ಎರಡನೇ ಗೇರು ಮತ್ತು ರಿವರ್ಸು ಎರಡನ್ನೇ ಕೊಡುತ್ತದೆ. ನಾವು ಇದನ್ನು ಲಿಂಪ್ ಮೋಡ್ ಎನ್ನುತ್ತೇವೆ. ನನ್ನ ಕಣ್ಣಿಗೆ ಅದು ಸಂಶಯದ ಸ್ಥಿತಿ. ಎರಡು ಮಾತು ಕೇಳಿ ಯಾವುದನ್ನೂ ನಂಬಲಾಗದೆ, ಯಾರಿಗೂ ಹೆಚ್ಚು ನಷ್ಟವಾಗದ ಒಂದು ಜಾಗದಲ್ಲಿ ನಿಂತುಕೊಳ್ಳುವುದು. ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರ ಎಣಿಸುವ ಹದಿನಾರು ಪದಾರ್ಥಗಳಲ್ಲಿ, ಅಂದರೆ ವಿಚಾರದ ವಿಷಯಗಳಲ್ಲಿ, ಸಂಶಯ ಮೂರನೆಯದು, ನಿರ್ಣಯ ಒಂಬತ್ತನೆಯದು. "ನಡುವೆ ಐದು ಮೆಟ್ಟಿಲಿದೆ, ಹಾರಬೇಡ" ಎಂದು ಅಪ್ಪ ಹೇಳುತ್ತಿದ್ದರು.

ನಾನು ಹಾರಿದೆ.

ಸ್ಕ್ಯಾನರ್ ಹಾಕಿದಾಗ ಗೇರ್‌ಬಾಕ್ಸಿನೊಳಗಿನ ಸ್ಪೀಡ್ ಸೆನ್ಸರಿನ ಕೋಡ್ ಬಂತು. ಆ ಸೆನ್ಸರುಗಳು ಪ್ಲೇಟಿಗೇ ಅಂಟಿಕೊಂಡಿರುವುದರಿಂದ ಕೆಟ್ಟರೆ ಪ್ಲೇಟನ್ನೇ ಬದಲಿಸಬೇಕು. ಈ ತಲೆಮಾರಿನ ಗೇರ್‌ಬಾಕ್ಸಿನಲ್ಲಿ ಅದು ಕೆಡುವುದು ಮಾಮೂಲು, ನಾನೇ ಹತ್ತಾರು ಬದಲಿಸಿದ್ದೇನೆ. ಕೋಡ್ ಹೇಳಿತು, ಅನುಭವ ಹೂಂ ಎಂದಿತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪ್ಲೇಟ್ ತರಿಸಿದೆ. ಅದರ ಜೊತೆಗೆ ಬರಬೇಕಿದ್ದ, ಪ್ಲೇಟನ್ನು ಹೊರಗಿನ ವೈರಿಂಗಿಗೆ ಜೋಡಿಸುವ ಹದಿಮೂರು ಪಿನ್ನಿನ ಪ್ಲಗ್ ಅಂಗಡಿಯಲ್ಲಿರಲಿಲ್ಲ, ವಾರ ಕಾಯಬೇಕಿತ್ತು. ದಸರೆ ಹತ್ತಿರ ಬಂದಿತ್ತು, ಡಾಕ್ಟರಮ್ಮನಿಗೆ ಗಾಡಿ ಬೇಕಿತ್ತು. ಹಳೆಯ ಪ್ಲಗ್ಗಿನ ಹೊರಮೈ ಒಣಗಿದ್ದದ್ದನ್ನು ನೋಡಿ ಅದನ್ನೇ ಉಳಿಸಿಕೊಂಡೆ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಆಯಿಲ್ ಬಿಸಿ 80 ಡಿಗ್ರಿ ತಲುಪಿದ ಮೇಲೆ ಮಟ್ಟ ನೋಡಿ ಗಾಡಿ ಕೊಟ್ಟೆ. ಪ್ಲೇಟಿಗೆ 24,000 ರೂಪಾಯಿ ತೆಗೆದುಕೊಂಡೆ.

ನಾಲ್ಕನೆಯ ದಿನ ಫೋನು. ಚಾಮುಂಡಿ ಬೆಟ್ಟ ಹತ್ತುವಾಗ ಮತ್ತೆ ಎರಡನೇ ಗೇರು.

ಒಂದು ಜ್ಞಾನ ನಿಜವೆಂಬುದು ಆ ಜ್ಞಾನದಿಂದಲೇ ತಿಳಿಯುತ್ತದೆಯೇ, ಹೊರಗಿನ ಇನ್ನೊಂದರಿಂದ ತಿಳಿಯಬೇಕೇ? ನಮ್ಮ ದರ್ಶನಗಳು ನೂರಾರು ವರ್ಷ ಜಗಳವಾಡಿದ ಪ್ರಶ್ನೆ ಇದು. ಮೀಮಾಂಸಕರ ಕುಮಾರಿಲ ಭಟ್ಟರು ಹೇಳುವ ಪ್ರಕಾರ ಜ್ಞಾನ ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ, ನಂಬುವುದಕ್ಕೆ ಬೇರೆ ಕಾರಣ ಬೇಡ. ಅದು ಬಿದ್ದುಹೋಗುವುದು ಎರಡೇ ದಾರಿಯಲ್ಲಿ: ಅದಕ್ಕೆ ವಿರುದ್ಧವಾದ ಇನ್ನೊಂದು ಜ್ಞಾನ ಬಂದಾಗ, ಇಲ್ಲವೇ ಅದನ್ನು ಹುಟ್ಟಿಸಿದ ಕಾರಣದಲ್ಲೇ ದೋಷವಿತ್ತೆಂದು ಗೊತ್ತಾದಾಗ. ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ದೂರದಲ್ಲಿ ನೀರು ಕಂಡರೆ ಸಾಲದು, ಹೋಗಿ ಕುಡಿದು ಬಾಯಾರಿಕೆ ಹಿಂಗಿದ ಮೇಲೆ ಕಂಡದ್ದು ನಿಜವಾಯಿತು ಎನ್ನುತ್ತಾರೆ. ನಾನು ನೈಯಾಯಿಕರ ಮನೆಯಲ್ಲಿ ಹುಟ್ಟಿ, ಸ್ಕ್ಯಾನರಿನ ಮುಂದೆ ಮೀಮಾಂಸಕನಾಗಿಬಿಟ್ಟಿದ್ದೆ. ಬೆಟ್ಟದ ರಸ್ತೆಯಲ್ಲಿ ಕುಮಾರಿಲರ ಮೊದಲ ದಾರಿ ತೆರೆದಿತ್ತು. ಎರಡನೆಯದು ಮರುದಿನ ಬೆಳಿಗ್ಗೆ ತೆರೆಯಿತು.

ಪ್ಲಗ್ಗನ್ನು ಹೊರಗೆಳೆದು ವೈರಿಂಗಿನ ತುದಿಯನ್ನು ಬೆಳಕಿಗೆ ಹಿಡಿದೆ. ಪಿನ್ನುಗಳ ನಡುವೆ ಕೆಂಪು ಎಣ್ಣೆ ಹೊಳೆಯುತ್ತಿತ್ತು. ಪ್ಲಗ್ಗಿನ ಎರಡು ರಬ್ಬರ್ ಓ-ರಿಂಗುಗಳು ವರ್ಷಗಳ ಬಿಸಿಗೆ ಹುಣಸೆ ಬೀಜದಂತೆ ಗಟ್ಟಿಯಾಗಿದ್ದವು. ಅಲ್ಲಿಂದ ನುಸುಳಿದ ಎಣ್ಣೆ ಕೆಳಗೆ ತೊಟ್ಟಿಕ್ಕಲಿಲ್ಲ. ದೀಪದ ಬತ್ತಿಯಲ್ಲಿ ಏರುವ ಹಾಗೆ ತಂತಿಯ ಎಳೆಗಳ ಸಂದಿನಲ್ಲಿ ಮೇಲೇರುತ್ತಾ ಹೋಗಿತ್ತು. ಬಾನೆಟ್ಟಿನ ಮೂಲೆಯ ಪೆಟ್ಟಿಗೆ ಬಿಚ್ಚಿದೆ. ಕಂಪ್ಯೂಟರಿನ ಕನೆಕ್ಟರಿನೊಳಗೂ ಎಣ್ಣೆ. ಗೇರ್‌ಬಾಕ್ಸಿನಿಂದ ಅಲ್ಲಿಯವರೆಗೆ ಒಂದು ಮೀಟರಿಗಿಂತ ಹೆಚ್ಚು ದೂರ, ಅಷ್ಟೂ ಮೇಲ್ಮುಖ. ಆ ತುದಿಯನ್ನು ಕಳಚಿ ಇಳಿಬಿಟ್ಟು, ಕೆಳಗೊಂದು ಸ್ಟೀಲ್ ಲೋಟ ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ಲೋಟದ ತಳ ಮುಚ್ಚುವಷ್ಟು ಎಣ್ಣೆ ಇತ್ತು. ಶೆಡ್ಡಿನ ಹುಡುಗ ಅದನ್ನು ನೋಡಿ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಸೆನ್ಸರ್ ಸರಿಯಾದ ಮಾತನ್ನೇ ಹೇಳಿರಬಹುದು, ದಾರಿಯಲ್ಲಿ ಅದು ಕೆಟ್ಟಿತು. ಕಂಪ್ಯೂಟರು ತನಗೆ ತಲುಪಿದ ಕೆಟ್ಟ ಮಾತನ್ನು ಸೆನ್ಸರಿನ ತಲೆಗೆ ಕಟ್ಟಿತು, ಸ್ಕ್ಯಾನರ್ ಅದನ್ನು ಅಕ್ಷರದಲ್ಲಿ ಬರೆದು ತೋರಿಸಿತು, ನಾನು ಅದನ್ನು ಡಾಕ್ಟರಮ್ಮನ ಬಿಲ್ಲಿಗೆ ಏರಿಸಿದೆ. ತರ್ಕದಲ್ಲಿ ಶಬ್ದ, ಅಂದರೆ ಇನ್ನೊಬ್ಬರ ಮಾತು, ಪ್ರಮಾಣವಾಗಬೇಕಾದರೆ ಅದು ಆಪ್ತನ ಮಾತಾಗಿರಬೇಕು, ಅಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವವನ ಮಾತು. ಈ ಯಂತ್ರ ಹೇಳುವುದು ಮಾತು ತನ್ನ ಕಿವಿಗೆ ಬಿದ್ದದ್ದು ಹೇಗೆ ಎಂಬುದನ್ನು ಮಾತ್ರ.

ಆಯುಧಪೂಜೆಯ ದಿನ ನಾನು ಆ ಸ್ಕ್ಯಾನರಿಗೂ ಕುಂಕುಮ ಇಡುತ್ತೇನೆ. ನವರಾತ್ರಿಯಲ್ಲಿ ಅಪ್ಪ ಪುಸ್ತಕಗಳನ್ನು ಸರಸ್ವತಿಯ ಮುಂದಿಟ್ಟು ಪೂಜಿಸಿ, ವಿಜಯದಶಮಿಯ ಬೆಳಿಗ್ಗೆ ತೆಗೆದು, ಅದೇ ಪುಸ್ತಕದ ಮಾತನ್ನು ಅದೇ ದಿನ ಖಂಡಿಸುತ್ತಿದ್ದರು. ಗಂಗೇಶರ ಗ್ರಂಥದ ಮೊದಲ ವಿಚಾರವೇ ಮಂಗಳವಾದ: ಗ್ರಂಥದ ಆರಂಭದಲ್ಲಿ ದೇವರಿಗೆ ಕೈಮುಗಿದರೆ ಗ್ರಂಥ ಮುಗಿಯುತ್ತದೆಯೇ ಎಂಬ ಪರೀಕ್ಷೆ. ಕೈಮುಗಿಯುತ್ತಲೇ ಅದನ್ನು ಕೇಳಿದವರು ನಮ್ಮ ಹಿರಿಯರು. ಕುಂಕುಮ ಇಟ್ಟಿದ್ದೇನೆ ಎಂಬ ಕಾರಣಕ್ಕೆ ಒಂದು ಪ್ಲಗ್ಗನ್ನು ಬಿಚ್ಚಿ ನೋಡದೆ ಬಿಟ್ಟರೆ ನಾನು ಪೂಜೆಗೂ ಅನ್ಯಾಯ ಮಾಡಿದೆ, ವಿದ್ಯೆಗೂ ಅನ್ಯಾಯ ಮಾಡಿದೆ.

ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ವೈರಿಂಗನ್ನೂ ಕಂಪ್ಯೂಟರಿನ ಪಿನ್ನುಗಳನ್ನೂ ಮೂರು ಸಲ ತೊಳೆದು ಒಣಗಿಸಿದೆ. ಹೊಸ ಪ್ಲಗ್ ಬಂತು, ಹಾಕಿದೆ. ಬೆಟ್ಟ ಹತ್ತಿಸಿದೆ, ಇಳಿಸಿದೆ. ಐದೂ ಗೇರು ಬೆಣ್ಣೆಯಂತೆ ಬಿದ್ದವು. ಡಾಕ್ಟರಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. "ಸರಿಹೋಯ್ತಲ್ಲ, ಬಿಡಿ" ಎಂದರು.

ನನಗೆ ಬಿಡಲಾಗಲಿಲ್ಲ. ಹಳೆಯ ಪ್ಲೇಟು ನಿಜವಾಗಿ ಕೆಟ್ಟಿತ್ತೋ ಇಲ್ಲವೋ? ಕೆಟ್ಟಿದ್ದರೆ ನಾನು ತೆಗೆದುಕೊಂಡ 24,000 ಸರಿ. ಇಲ್ಲದಿದ್ದರೆ ಅದು ಅವರ ದುಡ್ಡು. ಗಾಡಿ ಸರಿಹೋಯಿತು ಎಂಬುದು ಇದಕ್ಕೆ ಉತ್ತರ ಕೊಡುವುದಿಲ್ಲ, ಏಕೆಂದರೆ ನಾನು ಎರಡು ಕೆಲಸ ಮಾಡಿದ್ದೆ. ತಿಳಿಯಬೇಕಾದರೆ ಮತ್ತೆ ಪ್ಯಾನ್ ಇಳಿಸಿ, ವಾಲ್ವ್ ಬಾಡಿ ತೆಗೆದು, ಹಳೆಯ ಪ್ಲೇಟನ್ನು ಹಾಕಿ ಓಡಿಸಬೇಕು. ಡಾಕ್ಟರಮ್ಮನ ಒಪ್ಪಿಗೆ ಕೇಳಿದೆ. ನನ್ನ ಆಯಿಲ್ಲು, ನನ್ನ ಒಂದು ಶನಿವಾರ. ಹಳೆಯ ಪ್ಲೇಟಿನಲ್ಲಿ ಗಾಡಿ ಬೆಟ್ಟ ಹತ್ತಿತು. ನಂಜನಗೂಡಿಗೆ ಹೋಗಿ ಬಂತು. ಭಾನುವಾರ ಮತ್ತೆ ಬೆಟ್ಟ. ಒಂದು ಕೋಡೂ ಬರಲಿಲ್ಲ.

ನಂಬುವುದಕ್ಕೆ ಎಷ್ಟು ಸಲ ಹತ್ತಿಸಬೇಕು? ನೈಯಾಯಿಕರಿಗೆ ಮೀಮಾಂಸಕರು ಹಾಕುವ ಆಕ್ಷೇಪವೇ ಇದು. ಒಂದು ಜ್ಞಾನವನ್ನು ಪರೀಕ್ಷೆಯಿಂದ ಒಪ್ಪುವುದಾದರೆ ಆ ಪರೀಕ್ಷೆಯನ್ನು ಒಪ್ಪುವುದಕ್ಕೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ನಮ್ಮ ಪಕ್ಕದ ಮನೆಯ ಆಚಾರ್ಯರು ಮಾಧ್ವರು, ಅಪ್ಪನ ಜೊತೆ ಈ ಮಾತಿಗೆ ಎಷ್ಟೋ ಸಂಜೆ ಕೂತವರು. ಪರೀಕ್ಷೆ ಮಾಡು, ಆದರೆ ಕೊನೆಗೆ ಒಪ್ಪುವುದು ಒಳಗಿನ ಸಾಕ್ಷಿ, ಅದಕ್ಕೆ ಮೇಲೊಬ್ಬ ಸಾಕ್ಷಿ ಬೇಡ ಎಂಬುದು ಅವರ ಮಧ್ವಾಚಾರ್ಯರ ಮತ. ಶಂಕೆಗೂ ಒಂದು ಗಡಿ ಇದೆ, ನಿನ್ನ ನಡತೆಗೇ ವಿರೋಧ ಬರುವಷ್ಟು ಶಂಕಿಸಲಾರೆ ಎಂದು ಅಪ್ಪ ನೈಯಾಯಿಕರಾದ ಉದಯನರನ್ನು ಮುಂದೆ ತರುತ್ತಿದ್ದರು. ನಾನು ಮೂಲೆಯಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಾ ಕೇಳುತ್ತಿದ್ದೆ.

ಅವರಿಬ್ಬರೂ ಈಗಿಲ್ಲ. ಇದ್ದಿದ್ದರೆ ಒಂದು ಮಾತು ಸೇರಿಸುತ್ತಿದ್ದೆ. ಎಷ್ಟು ಪರೀಕ್ಷೆ ಸಾಕು ಎಂಬುದನ್ನು ಜ್ಞಾನದ ಒಳಗೆ ಮಾತ್ರ ಹುಡುಕಿದರೆ ಸಿಗುವುದಿಲ್ಲ. ತಪ್ಪಾದರೆ ನಷ್ಟ ಯಾರಿಗೆ ಎಂದೂ ಕೇಳಬೇಕು. ನನ್ನ ಸ್ಕೂಟರಿನ ಪ್ಲಗ್ ಕೆಟ್ಟಿದೆ ಎಂದು ನನಗೆ ತೋರಿದರೆ ಕುಮಾರಿಲರ ಹಾಗೆ ನಂಬಿ ಬದಲಿಸುತ್ತೇನೆ, ತಪ್ಪಿದರೆ ಹೋಗುವುದು ನನ್ನ ನೂರೈವತ್ತು ರೂಪಾಯಿ. ದಿನದ ಬದುಕು ನಡೆಯುವುದೇ ಹಾಗೆ ನಂಬಿ. ಆದರೆ ಇನ್ನೊಬ್ಬರ ದುಡ್ಡು, ಗಂಡ ಬಿಟ್ಟುಹೋದ ಗಾಡಿ, ಬೆಟ್ಟದ ತಿರುವಿನಲ್ಲಿ ಅವರ ಜೀವ ನನ್ನ ಮಾತಿನ ಮೇಲೆ ನಿಂತಿರುವಾಗ ಸುಲಭವಾಗಿ ನಂಬುವ ಹಕ್ಕು ನನಗಿಲ್ಲ. ಅಲ್ಲಿ ನಾನು ನೈಯಾಯಿಕನಾಗಲೇಬೇಕು, ಹೋಗಿ ನೀರು ಕುಡಿದೇ ಬರಬೇಕು. ಆ ಕುಡಿಯುವ ಖರ್ಚೂ ನನ್ನದೇ ಆಗಿರಬೇಕು. ಇದು ಜ್ಞಾನದ ಪ್ರಶ್ನೆಯಲ್ಲಿ ಧರ್ಮವನ್ನು ಬೆರೆಸಿದ ಹಾಗಾಯಿತು ಎಂದು ಅಪ್ಪ ಗದರಬಹುದಿತ್ತು. ನನಗೆ ಅವೆರಡನ್ನೂ ಬೇರೆ ಮಾಡಲು ಈಗಲೂ ಬರುವುದಿಲ್ಲ.

ಹೊಸ ಪ್ಲೇಟನ್ನು ಇನ್ನೊಂದು ಗಾಡಿಗಿರಲಿ ಎಂದು ಎತ್ತಿಟ್ಟು, 24,000 ರೂಪಾಯಿ ಕವರಿನಲ್ಲಿ ಹಾಕಿಕೊಂಡು ಕಾದೆ. ಆಯುಧಪೂಜೆಗೆ ಮೂರು ದಿನವಿತ್ತು. ಬೆಟ್ಟದಲ್ಲಿ ಜನ ಸೇರುವ ಮುಂಚೆ ನೋಡೋಣವೆಂದು ಡಾಕ್ಟರಮ್ಮ ಬೆಳಿಗ್ಗೆ ಐದೂವರೆಗೇ ಬಂದರು. ಕವರನ್ನು ಬೇಡವೆಂದರು, ನಾನು ಕೊಟ್ಟೇ ತೀರಿದೆ. ಅವರು ಓಡಿಸಿದರು, ನಾನು ಪಕ್ಕದಲ್ಲಿ ಕೂತು ಎಂಜಿನ್ನಿನ ದನಿಗೆ ಕಿವಿಗೊಟ್ಟೆ. ಹೋದ ಸಲ ಸಿಕ್ಕಿಕೊಂಡಿದ್ದ ತಿರುವು ಬಂತು. ಎರಡರಿಂದ ಮೂರಕ್ಕೆ ಬಿದ್ದದ್ದು ನನಗೂ ತಿಳಿಯದಷ್ಟು ಮೆತ್ತಗಿತ್ತು, ಮುಳ್ಳು ಇಳಿದದ್ದನ್ನು ನೋಡಿ ಗೊತ್ತಾಯಿತು.

"ಈಗ ನಂಬಬಹುದಾ?" ಎಂದು ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಇಳಿದು ಇನ್ನೊಂದು ಸಲ ಹತ್ತಿಬಿಡೋಣ ಡಾಕ್ಟರಮ್ಮ" ಎಂದೆ.