ಮಲ್ಲಯ್ಯನ ಹಾದಿಯಲ್ಲಿ ಟ್ರ್ಯಾಲಿಮನೆ

ಹಿಂಗಾರಿ ಜೋಳದ ರಾಶಿ ಮುಗಿದು ಕಣ ಬರಿದಾಯಿತೆಂದರೆ, ಸಿಂದಗಿ ಸೀಮೆಯ ಮೋರಟಗಿಯಂಥ ಊರುಗಳಲ್ಲಿ ಟ್ರ್ಯಾಕ್ಟರ್ ಟ್ರ್ಯಾಲಿಗೆ ಬೇರೆಯೇ ಕೆಲಸ ಬರುತ್ತದೆ. ನಿನ್ನೆಯವರೆಗೆ ಕಣಿಕೆ ಹೇರಿದ ಟ್ರ್ಯಾಲಿಯ ಮೇಲೆ ಕಬ್ಬಿಣದ ಸಳಿ ಬಾಗಿಸಿ ಕಮಾನು ಕಟ್ಟುತ್ತಾರೆ, ತಾಡಪತ್ರಿ ಎಳೆದು ಬಿಗಿಯುತ್ತಾರೆ. ಒಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ಮೂಲೆಯಲ್ಲಿ ನೀರಿನ ಬ್ಯಾರಲ್, ಒಲೆ, ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ. ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕು. ನಡೆಯುವವರು, ಕಂಬಿ ಹೊತ್ತವರು ಮುಂದೆ. ಈ ಗಾಲಿಮನೆ ಹಿಂದೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿಯ ಜನಕ್ಕೆ ಶ್ರೀಶೈಲದ ಭ್ರಮರಾಂಬೆ ತವರಿನ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ ಒಯ್ಯದಿದ್ದರೆ ಹೇಗೆ? ಆ ನೆಪಕ್ಕೆ ಕಾದ ಡಾಂಬರಿನ ಮೇಲೆ ನೂರಾರು ಕಿಲೋಮೀಟರ್ ಹೆಜ್ಜೆ ಹಾಕುತ್ತಾರೆ. ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ.

ಇದೇ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬಸವಣ್ಣ 12ನೇ ಶತಮಾನದಲ್ಲಿ ಸ್ಥಾವರ ಮತ್ತು ಜಂಗಮಗಳನ್ನು ಎದುರುಬದುರು ನಿಲ್ಲಿಸಿದ. 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದ ಎ. ಕೆ. ರಾಮಾನುಜನ್ ತಮ್ಮ ಪ್ರಸ್ತಾವನೆಯನ್ನು ಈ ಜೋಡಿಪದದಿಂದಲೇ ಬೆಳೆಸಿದರು. ಕಟ್ಟಿದ ಗುಡಿ ಒಂದು ಕಡೆ, ನಡೆದಾಡುವ ದೇಹ ಇನ್ನೊಂದು ಕಡೆ. ಈ ಟ್ರ್ಯಾಲಿಯನ್ನು ಯಾವ ಕಡೆ ಇಡಬೇಕು? ಅದು ಚಲಿಸುತ್ತದೆ, ನಿಜ. ಆದರೆ ಒಲೆ, ಹಾಸಿಗೆ, ಬುತ್ತಿ ಎಲ್ಲವನ್ನೂ ಹೇರಿಕೊಂಡು ಹೊರಟವನು ಮನೆ ಬಿಟ್ಟಂತಾಯಿತೇ?

ಬರೀ ಚಲನೆಯೇ ಜಂಗಮವಾಗಿದ್ದರೆ ಸಿಂದಗಿ–ಜೇವರ್ಗಿ ಹೆದ್ದಾರಿಯ ಲಾರಿಗಳೆಲ್ಲ ಜಂಗಮವೇ. ಶರಣರ ಮಾತಿನಲ್ಲಿ ಆ ಪದಕ್ಕೆ ಇನ್ನೊಂದು ತುದಿಯಿದೆ. ಜಂಗಮನ ಹತ್ತಿರ ಹಗೇವಿಲ್ಲ, ಕಣಜವಿಲ್ಲ. ಅವನು ಬಾಗಿಲಿಗೆ ಬರುತ್ತಾನೆ, ಒಳಗಿದ್ದವನು ನೀಡುತ್ತಾನೆ. ನೀಡುವ ಆ ಕೆಲಸಕ್ಕೆ ದಾಸೋಹವೆಂದು ಹೆಸರು. ಬರುವವನಿಲ್ಲದೆ ದಾಸೋಹವಿಲ್ಲ, ನೀಡುವವನಿಲ್ಲದೆ ಜಂಗಮನ ನಡಿಗೆ ಮುಂದೆ ಸಾಗದು. ಕಾಲಾಂತರದಲ್ಲಿ ಜಂಗಮವೆಂಬ ಪದವೂ ಮಠ, ಮನೆತನಗಳಲ್ಲಿ ನೆಲೆ ನಿಂತಿತು. ಅದಕ್ಕೇ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಇಬ್ಬರನ್ನೂ ಮತ್ತೆ ನೆನೆಯಬೇಕಾಗುತ್ತದೆ. ಇಬ್ಬರೂ ಕಲ್ಯಾಣಕ್ಕೆ ಬಂದರು, ಅಲ್ಲಿಯೂ ನಿಲ್ಲಲಿಲ್ಲ. ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂಬುದು ಪರಂಪರೆಯ ನಂಬಿಕೆ.

ಎಲ್ಲವನ್ನೂ ಹೊತ್ತೊಯ್ಯುವುದೇ ಅನಿವಾರ್ಯವಾದ ಹಾದಿಗಳೂ ಲೋಕದಲ್ಲಿವೆ. ಅಲಾಸ್ಕದ ಡಾಲ್ಟನ್ ಹೆದ್ದಾರಿ ಸುಮಾರು 666 ಕಿ.ಮೀ. ಉದ್ದ, ಬಹುಪಾಲು ಜಲ್ಲಿ. ಕೋಲ್ಡ್‌ಫುಟ್ ದಾಟಿದರೆ ಉತ್ತರದ ಡೆಡ್‌ಹಾರ್ಸ್‌ವರೆಗೆ 386 ಕಿ.ಮೀ. ಪೆಟ್ರೋಲ್ ಪಂಪೇ ಇಲ್ಲ. ಅಲ್ಲಿ ಮನೆಯಂಥ ವಾಹನದಲ್ಲಿ ಹೊರಟವನು ಇಂಧನ, ಅನ್ನ, ಹೆಚ್ಚಿನ ಟೈರು ಜೊತೆಗಿಟ್ಟುಕೊಳ್ಳದಿದ್ದರೆ ಜೀವಕ್ಕೇ ಕುತ್ತು. ಶ್ರೀಶೈಲದ ಹಾದಿ ಹಾಗಲ್ಲ. ಊರೂರಿಗೂ ಪೆಂಡಾಲು: ಒಂದು ಕಡೆ ಮಜ್ಜಿಗೆ, ಇನ್ನೊಂದು ಕಡೆ ಅನ್ನ–ಸಾರು, ಮುಂದೆ ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುವವರು. ಬ್ಯಾರಲ್ ತುಂಬಿಕೊಂಡವನು ಈ ಪೆಂಡಾಲಿನ ಮುಂದೆ ನಿಲ್ಲದೆ ಹೋಗಬಹುದು. ಅವನ ಭಕ್ತಿ ಕಡಿಮೆಯೆಂದು ಯಾರೂ ಹೇಳಲಾರರು. ಆದರೆ ಸೌಟು ಹಿಡಿದು ಕಾದು ನಿಂತವನ ಕೈ ಹಾಗೇ ಉಳಿಯುತ್ತದಲ್ಲ, ಕಳಕೊಂಡದ್ದು ಅಲ್ಲಿದೆ.

ಹಾಗೆಂದು ಟ್ರ್ಯಾಲಿಯನ್ನು ಹಳಿಯುವುದು ಅನ್ಯಾಯ. ಅದಿಲ್ಲದಿದ್ದರೆ ಎಪ್ಪತ್ತು ದಾಟಿದ ಆಯಿ ಮಗಳ ಊರು ನೋಡುವುದು ಹೇಗೆ? ಮೊಣಕಾಲು ಹಿಡಿದುಕೊಂಡವನನ್ನು ಎತ್ತಿ ಕೂರಿಸುವುದೂ ಅದರಲ್ಲೇ. ‘ಬರ್ರಿ ಯಪ್ಪಾ, ನೀರು ಕುಡೀರಿ’ ಎಂದು ಗುರುತಿಲ್ಲದವರನ್ನು ಕರೆದು ಬ್ಯಾರಲಿನ ನಳ ತಿರುವಿದ ಗಳಿಗೆಯಲ್ಲಿ ಆ ಟ್ರ್ಯಾಲಿ ಬರೀ ಬಿಡಾರವಾಗಿ ಉಳಿಯದೆ ದಾಸೋಹದ ಮನೆಯಾಗುತ್ತದೆ.

ರಾಯಚೂರು, ಕರ್ನೂಲು ದಾಟಿ ಆತ್ಮಕೂರಿಗೆ ಬಂದಾಗ ಹಾದಿ ಕವಲೊಡೆಯುತ್ತದೆ. ಕಾಲ್ನಡಿಗೆಯವರು ವೆಂಕಟಾಪುರದಿಂದ ನಲ್ಲಮಲ ಕಾಡು ಹೊಕ್ಕು ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ ಇಳಿದೇರಿ ಕೈಲಾಸ ದ್ವಾರಕ್ಕೆ ಹತ್ತಬೇಕು. ಕಲ್ಲಿನ ಮೆಟ್ಟಿಲು, ಕಡಿದಾದ ಕಣಿವೆ; ಗಾಲಿಗೆ ಅಲ್ಲಿ ಎಡೆಯಿಲ್ಲ. ಟ್ರ್ಯಾಕ್ಟರು ದೋರ್ನಾಲದ ಘಾಟ್ ರಸ್ತೆ ಹಿಡಿದು ಬಳಸಿಕೊಂಡು ಹೋಗುತ್ತದೆ. ಕಾಡಿನ ನಡುವೆಯೂ ಕನ್ನಡದ ಊರುಗಳಿಂದ ಬಂದವರು ದಾಸೋಹ ನಡೆಸುತ್ತಾರೆಂಬುದು ಹಳಬರಿಗೆಲ್ಲ ಗೊತ್ತು. ಆದರೂ ಕವಲಿನಲ್ಲಿ ಟ್ರ್ಯಾಲಿಯ ಹಿಂಬಾಗಿಲು ತೆರೆದಾಗ ತಾಯಂದಿರ ಜೀವ ತಡೆಯುವುದಿಲ್ಲ. ಮಗನ ಚೀಲಕ್ಕೆ ಇನ್ನೆರಡು ರೊಟ್ಟಿ, ಇನ್ನೊಂದು ಬಾಟಲಿ ನೀರು ತುರುಕುತ್ತಾರೆ. ಅವನು ಏರುದಾರಿಯನ್ನು ನೆನೆದು ನೀರು ಇಟ್ಟುಕೊಂಡು ರೊಟ್ಟಿಯನ್ನು ಮತ್ತೆ ಗಂಟಿಗೆ ಸೇರಿಸುತ್ತಾನೆ.